ಆಯಸ್ಸು ಜೀನ್‌ನಲ್ಲೇ ಫಿಕ್ಸ್ ಆಗಿರುತ್ತಾ? – ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಲ ವಂಶವಾಹಿ ಮತ್ತು ಮುಪ್ಪು ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ವಿ. ಬಂದಿರೋದ್ರಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, "ನಮ್ಮ ಮನೇಲಿ ಇಂಥವರು ಇಷ್ಟು ವರ್ಷ ಬದುಕಿದ್ರು, ಹಾಗಾದ್ರೆ ನಾನು?" ಅಂತ. ಅದರಲ್ಲೊಂದನ್ನ ಆರಿಸಿ ಮೊದಲಿಗೆ ಇಟ್ಟಿದೀವಿ, ಉಳಿದೋರು ಅದನ್ನೇ ನಿಮಗೂ ಉತ್ತರ ಅಂದ್ಕೊಳ್ಳಿ.

ಪ್ರಶ್ನೆ: ನಮ್ಮ ತಾತ 96 ವರ್ಷ ಬದುಕಿದ್ರು, ಕೊನೇವರೆಗೂ ಕನ್ನಡಕ ಬಿಟ್ರೆ ಇನ್ನೇನೂ ಬೇಕಿರ್ಲಿಲ್ಲ. ಆದ್ರೆ ಅಪ್ಪ 49ಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋಗ್ಬಿಟ್ರು. ನನಗೀಗ 41. ನಾನು ಯಾರ ಲೆಕ್ಕಕ್ಕೆ ಬರ್ತೀನಿ, ತಾತಂದೋ ಅಪ್ಪಂದೋ?

ಇಬ್ಬರ ಲೆಕ್ಕಕ್ಕೂ ಪೂರ್ತಿ ಬರಲ್ಲ ಸರ್. ಅಪ್ಪನಿಂದ ನಿಮಗೆ ಬಂದಿರೋದು ಅವರ ಡಿಎನ್‌ಎಯಲ್ಲಿ ಅರ್ಧ, ತಾತನಿಂದ ಹೆಚ್ಚೂಕಮ್ಮಿ ಕಾಲು ಭಾಗ, ಅದೂ ಯಾವ ಕಾಲು ಅನ್ನೋದು ಪ್ರತಿ ಸಲ ಇಸ್ಪೀಟು ಎಲೆ ಕಲಸಿ ಹಂಚಿದ ಹಾಗೆ, ನಿಮಗೆ ಬಂದಿದ್ದು ನಿಮ್ಮ ಒಡಹುಟ್ಟಿದೋರಿಗೆ ಬಂದಿರಬೇಕು ಅಂತಿಲ್ಲ. ಅದಲ್ಲದೆ "96 ವರ್ಷದ ಜೀನ್" ಅಂತ ಒಂದು ಜೀನ್ ಇಲ್ಲವೇ ಇಲ್ಲ. ದೀರ್ಘಾಯುಷ್ಯಕ್ಕೆ ಸಂಬಂಧ ಇರೋ ವ್ಯತ್ಯಾಸಗಳು ನೂರಾರು ಇರಬಹುದು, ಒಂದೊಂದರ ಪಾಲೂ ಚಿಕ್ಕದು, ಹಾಗಾಗಿ ತಾತ ಬದುಕಿದ್ದನ್ನ ಮೊಮ್ಮಗ ಗಂಟು ಕಟ್ಕೊಂಡು ಬಂದಂಗೆ ಪಡ್ಕೊಳ್ಳೋಕೆ ಆಗಲ್ಲ.

ಆದ್ರೆ ನಿಮ್ಮ ಪತ್ರದಲ್ಲಿ ನನಗೆ ತಾತನ 96ಗಿಂತ ಅಪ್ಪನ 49 ಮುಖ್ಯ ಅನ್ಸುತ್ತೆ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ರೆ ಡಾಕ್ಟರುಗಳು ಅದನ್ನ ಬೇಗ ಬಂದದ್ದು ಅಂತ ಲೆಕ್ಕಕ್ಕೆ ತಗೋತಾರೆ. ಯಾಕಂದ್ರೆ ಇಲ್ಲಿ ಒಂದೇ ಜೀನ್ ದೊಡ್ಡ ಕೆಲಸ ಮಾಡಿರೋ ಸಾಧ್ಯತೆ ಇದೆ. ಉದಾಹರಣೆಗೆ ಕುಟುಂಬದಲ್ಲಿ ಹರಿದು ಬರೋ ಕೊಲೆಸ್ಟ್ರಾಲ್ ಕಾಯಿಲೆ, ಹೆಚ್ಚಾಗಿ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲನ್ನ ರಕ್ತದಿಂದ ಹಿಡಿದು ತೆಗೆಯೋ ರಿಸೆಪ್ಟರಿನ ಜೀನ್ ಕೆಟ್ಟಿದ್ದರಿಂದ ಬರೋದು, ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತೆ, ತಂದೆಗೆ ಇದ್ರೆ ಮಕ್ಕಳಿಗೆ ಬರೋ ಚಾನ್ಸ್ ಸರಿಯಾಗಿ ಅರ್ಧ. ಹೊರಗಿಂದ ಏನೂ ಗೊತ್ತಾಗಲ್ಲ, ತೆಳ್ಳಗಿರೋರಿಗೂ ಇರುತ್ತೆ. ಒಂದು ಲಿಪಿಡ್ ಪ್ರೊಫೈಲ್ ಮಾಡಿಸಿ, ಎಲ್‌ಡಿಎಲ್ 190ರ ಮೇಲಿದ್ರೆ ಡಾಕ್ಟರಿಗೆ ಅಪ್ಪನ ವಿಷಯ ಬಾಯಿಬಿಟ್ಟು ಹೇಳಿ, ಲೈಪೋಪ್ರೋಟೀನ್ ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರೋ ಒಂದು ಕಣ) ಅನ್ನೋ ಇನ್ನೊಂದು ಟೆಸ್ಟ್ ಇದೆ ಅದನ್ನೂ ಕೇಳಿ. ಅದರ ಮಟ್ಟ ಬಹುಪಾಲು ಹುಟ್ಟಿನಿಂದಲೇ ನಿಗದಿ ಆಗಿರೋದ್ರಿಂದ ಜೀವನದಲ್ಲಿ ಒಂದ್ಸಲ ನೋಡಿಸಿದ್ರೂ ಸಾಕಾಗುತ್ತೆ. ಕೊಲೆಸ್ಟ್ರಾಲ್ ಕಾಯಿಲೆ ಜೀನ್‌ನಿಂದಲೇ ಬಂದಿದ್ರೂ ಸ್ಟ್ಯಾಟಿನ್ ಮಾತ್ರೆಗೆ ಬಗ್ಗುತ್ತೆ, ಜೀನ್ ಅಂದ್ರೆ ಹಣೆಬರಹ ಅಂತ ಕೈಕಟ್ಟಿ ಕೂರೋರು ಮರೆಯೋದು ಇದನ್ನೇ. ಒಡಹುಟ್ಟಿದೋರಿದ್ರೆ ಅವರಿಗೂ ಹೇಳಿ.

ಪ್ರಶ್ನೆ: ಆಯಸ್ಸಲ್ಲಿ ಜೀನ್ ಪಾಲು 25 ಪರ್ಸೆಂಟ್ ಅಂತ ಒಂದು ಕಡೆ ಓದಿದೆ, ಇನ್ನೊಂದು ಕಡೆ 10ಕ್ಕಿಂತ ಕಮ್ಮಿ, ಈಗ ನೋಡಿದ್ರೆ 50 ಅಂತಾರೆ. ವಿಜ್ಞಾನಿಗಳಿಗೇ ಒಂದು ಮಾತು ಇಲ್ವಾ? ಯಾವುದನ್ನ ನಂಬಬೇಕು?

ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ ತಾಳ್ಮೆ ಇರಲಿ. ಈ ಮೂರೂ ನಂಬರ್ ಸುಳ್ಳಲ್ಲ, ಮೂರು ಬೇರೆ ಬೇರೆ ಪ್ರಶ್ನೆಗೆ ಸಿಕ್ಕಿರೋ ಉತ್ತರ.

25 ಬಂದಿದ್ದು ಅವಳಿ ಜವಳಿಗಳಿಂದ. ಡೆನ್ಮಾರ್ಕಿನಲ್ಲಿ 1870ರಿಂದ 1900ರ ನಡುವೆ ಹುಟ್ಟಿದ 2,800ಕ್ಕೂ ಹೆಚ್ಚು ಅವಳಿ ಜೋಡಿಗಳ ಲೆಕ್ಕ ತೆಗೆದು 1996ರಲ್ಲಿ ಪ್ರಕಟಿಸಿದ್ರು. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳ ಆಯಸ್ಸು ಎಷ್ಟು ಹೊಂದುತ್ತೆ, ಎರಡು ಮೊಟ್ಟೆಯ ಅವಳಿಗಳದ್ದು ಎಷ್ಟು ಹೊಂದುತ್ತೆ ಅಂತ ಹೋಲಿಸಿ ನೋಡಿದಾಗ ಗಂಡಸರಲ್ಲಿ 26, ಹೆಂಗಸರಲ್ಲಿ 23 ಪರ್ಸೆಂಟ್ ಬಂತು. ಮುಂದೆ ಎಲ್ಲರೂ ಅದನ್ನೇ 25 ಅಂತ ರೌಂಡ್ ಮಾಡಿ ಹೇಳ್ತಾ ಬಂದ್ರು.

10ಕ್ಕಿಂತ ಕಮ್ಮಿ ಅನ್ನೋದು 2018ರದ್ದು. ಕ್ಯಾಲಿಕೋ ಅನ್ನೋ ಕಂಪನಿಯವರು ಆನ್ಸೆಸ್ಟ್ರಿ ವೆಬ್‌ಸೈಟಿನಲ್ಲಿ ಜನ ಹಾಕಿದ್ದ ವಂಶವೃಕ್ಷಗಳನ್ನ ಸೇರಿಸಿ 40 ಕೋಟಿಗೂ ಹೆಚ್ಚು ಜನರ ಹುಟ್ಟು ಸಾವು ನೋಡಿದ್ರು. ಅಲ್ಲೊಂದು ವಿಚಿತ್ರ ಕಾಣಿಸ್ತು, ಅಣ್ಣತಂಗಿ ಆಯಸ್ಸು ಹೊಂದೋ ಹಾಗೆ ಗಂಡಹೆಂಡತಿ ಆಯಸ್ಸೂ ಹೊಂದುತ್ತೆ. ಸರಿ, ಒಂದೇ ಮನೇಲಿ ಇರ್ತಾರೆ ಒಂದೇ ಊಟ ಅಂತ ಬಿಡಬಹುದು. ಆದ್ರೆ ಭಾವ ನಾದಿನಿಯರದ್ದೂ ಹೊಂದುತ್ತೆ! ಅವರದ್ದು ರಕ್ತಸಂಬಂಧವೂ ಅಲ್ಲ, ಒಂದೇ ಮನೇಲಿ ಬೆಳೆದವರೂ ಅಲ್ಲ. ಅಂದ್ರೆ ಜನ ಮದುವೆ ಆಗುವಾಗಲೇ ತಮ್ಮಂಥವರನ್ನ ಹುಡುಕ್ಕೋತಾರೆ, ಓದು, ದುಡ್ಡು, ಅಭ್ಯಾಸ, ಆರೋಗ್ಯ ಎಲ್ಲದರಲ್ಲೂ, ತಮಗೇ ಗೊತ್ತಿಲ್ಲದೆ ಆಯಸ್ಸಿಗೆ ಸಂಬಂಧಪಟ್ಟ ಗುಣಗಳಲ್ಲೂ. ಈ ಜೋಡಿ ಹುಡುಕೋ ಪರಿಣಾಮವನ್ನ ಕಳೆದ್ರೆ ಬರೀ ಜೀನ್‌ಗೆ ಉಳಿದದ್ದು 10 ಪರ್ಸೆಂಟಿಗಿಂತ ಕೆಳಗೆ. ನನಗೆ ಈ ಸ್ಟಡಿ ತುಂಬಾ ಇಷ್ಟ, ಸಂಬಂಧ ನೋಡುವಾಗ ಜಾತಕ ಹೊಂದಿಸೋರು ಆಯಸ್ಸನ್ನೂ ಅರಿವಿಲ್ಲದೆ ಹೊಂದಿಸ್ತಾ ಇದ್ದಾರೇನೋ ಅಂತ.

ಇನ್ನು 50. ಇಸ್ರೇಲಿನ ವೈಜ್ಮನ್ ಸಂಸ್ಥೆಯವರು ಇತ್ತೀಚೆಗೆ ಹಳೇ ಅವಳಿ ಡೇಟಾವನ್ನೇ ಬೇರೆ ರೀತಿ ನೋಡಿದ್ರು. ಒಂದು ಅವಳಿ ಜೋಡಿ ಅಂದ್ಕೊಳ್ಳಿ, ಒಬ್ಬ 27ಕ್ಕೆ ಟೈಫಾಯ್ಡಿನಲ್ಲಿ ಹೋದ, ಇನ್ನೊಬ್ಬ 88ರವರೆಗೆ ಇದ್ದ. ಲೆಕ್ಕದಲ್ಲಿ ಇದು "ಜೀನ್ ಒಂದೇ ಆದ್ರೂ ಆಯಸ್ಸು ಬೇರೆ" ಅಂತ ಬೀಳುತ್ತೆ, ಜೀನ್ ಪಾಲು ಕಮ್ಮಿ ಕಾಣುತ್ತೆ. ಆದ್ರೆ ಆ ಟೈಫಾಯ್ಡ್ ಮುಪ್ಪಿಗೆ ಸಂಬಂಧವೇ ಇಲ್ಲ ಅಲ್ವಾ? 1800ರ ದಶಕಗಳಲ್ಲಿ ಹುಟ್ಟಿದವರಲ್ಲಿ ಇಂಥ ಸಾವು ಸಿಕ್ಕಾಪಟ್ಟೆ. ಅಪಘಾತ, ಸೋಂಕು, ಇಂಥ ಹೊರಗಿನ ಸಾವುಗಳನ್ನ ಬದಿಗಿಟ್ಟು ಲೆಕ್ಕ ಹಾಕಿದ್ರೆ ಒಳಗಿನಿಂದ ಬರೋ ಮುಪ್ಪಿನಲ್ಲಿ ಜೀನ್ ಪಾಲು ಸುಮಾರು ಅರ್ಧ ಆಗುತ್ತೆ ಅನ್ನೋದು ಅವರ ವಾದ.

ಹಾಗಾಗಿ ನಂಬರ್ ಬದಲಾಗಿದ್ದು ಜೀನ್ ಬದಲಾಗಿದ್ದಕ್ಕಲ್ಲ. ಇನ್ನೂ ಒಂದು ವಿಷಯ, ಬಹಳ ಜನ ತಪ್ಪು ತಿಳ್ಕೊಳ್ಳೋದು ಇಲ್ಲೇ: 25 ಪರ್ಸೆಂಟ್ ಅಂದ್ರೆ ನಿಮ್ಮ 80 ವರ್ಷದಲ್ಲಿ 20 ವರ್ಷ ಜೀನ್ ಕೊಟ್ಟಿದ್ದು ಅಂತ ಅಲ್ಲ. ಒಂದು ದೊಡ್ಡ ಗುಂಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಆಯಸ್ಸಲ್ಲಿ ವ್ಯತ್ಯಾಸ ಇರುತ್ತಲ್ಲ, ಆ ವ್ಯತ್ಯಾಸದಲ್ಲಿ ಎಷ್ಟು ಭಾಗಕ್ಕೆ ಜೀನ್ ಕಾರಣ ಅಂತ. ನಿಮ್ಮೊಬ್ಬರ ಬಗ್ಗೆ ಅದು ಏನೂ ಹೇಳಲ್ಲ.

ಪ್ರಶ್ನೆ: ಪ್ರಪಂಚದಲ್ಲೇ ಅತಿ ಹೆಚ್ಚು ವರ್ಷ ಬದುಕಿದ ಹೆಂಗಸು ಸಿಗರೇಟ್ ಸೇದ್ತಿದ್ರಂತೆ. ಹಾಗಿದ್ಮೇಲೆ ಎಲ್ಲಾ ಜೀನ್ ಮಹಿಮೆ, ನಾವ್ಯಾಕೆ ಬಿಡ್ಬೇಕು?

ನೀವು ಹೇಳ್ತಿರೋದು ಫ್ರಾನ್ಸಿನ ಝಾನ್ ಕಾಲ್ಮಾಂ, 1875ರಲ್ಲಿ ಹುಟ್ಟಿ 1997ರಲ್ಲಿ ತೀರ್ಕೊಂಡೋರು, 122 ವರ್ಷ 164 ದಿನ. ಹೌದು ಸೇದ್ತಿದ್ರು, ದಿನಕ್ಕೆ ಒಂದೋ ಎರಡೋ. ಆದ್ರೆ ಅವರ ಒಬ್ಬಳೇ ಮಗಳು 36ಕ್ಕೇ ತೀರ್ಕೊಂಡ್ರು ಅನ್ನೋದನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ನಿಮ್ಮ ಮಾತಲ್ಲಿ ಸ್ವಲ್ಪ ನಿಜ ಇದೆ, ಅದನ್ನೂ ಹೇಳ್ಬೇಕು. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ಮೆಡಿಕಲ್ ಕಾಲೇಜಿನ ನೀರ್ ಬಾರ್ಜಿಲಾಯ್ ತಂಡ 95 ದಾಟಿದ ಅಶ್ಕೆನಾಜಿ (ಯುರೋಪ್ ಮೂಲದ) ಯಹೂದಿಗಳನ್ನ ಮಾತಾಡಿಸಿ 2011ರಲ್ಲಿ ಬರೆದದ್ದೇನಂದ್ರೆ, ಇವರು ವಯಸ್ಸಿದ್ದಾಗ ಸೇದಿದ್ದು, ಕುಡಿದಿದ್ದು, ದಪ್ಪ ಇದ್ದದ್ದು ಎಲ್ಲಾ ಮಾಮೂಲಿ ಜನರ ಹಾಗೇ, ಸ್ಪೆಷಲ್ ಶಿಸ್ತು ಏನೂ ಇರ್ಲಿಲ್ಲ. ಅಂದ್ರೆ ಆ ಮಟ್ಟದ ವಯಸ್ಸಿಗೆ ಹೋಗೋರಿಗೆ ಏನೋ ರಕ್ಷಣೆ ಹುಟ್ಟಿನಿಂದ ಇರುತ್ತೆ. ಅಮೆರಿಕದ ನ್ಯೂ ಇಂಗ್ಲೆಂಡ್ ಶತಾಯುಷಿಗಳ ಅಧ್ಯಯನದಲ್ಲೂ ನೂರು ದಾಟಿದವರ ಅಣ್ಣತಮ್ಮಂದಿರಿಗೆ ನೂರು ಮುಟ್ಟೋ ಸಾಧ್ಯತೆ ಉಳಿದೋರಿಗಿಂತ 17 ಪಟ್ಟು, ಅಕ್ಕತಂಗಿಯರಿಗೆ 8 ಪಟ್ಟು ಕಂಡಿತ್ತು. ಎಂಬತ್ತರವರೆಗೆ ಅಭ್ಯಾಸದ ಆಟ ಜಾಸ್ತಿ, ನೂರರ ಹತ್ತಿರ ಹೋದಷ್ಟೂ ಜೀನ್ ಕೈ ಮೇಲಾಗುತ್ತೆ.

ಆದ್ರೆ ನಿಮಗೆ ಆ ರಕ್ಷಣೆ ಇದೆಯೋ ಇಲ್ವೋ ಸೇದಿ ನೋಡಿ ತಿಳ್ಕೊಳ್ಳೋದು ಬಹಳ ದುಬಾರಿ ಟೆಸ್ಟ್ ಮಾರಾಯ್ರೆ. ಸೇದಿ 60ಕ್ಕೆ ಹೋದೋರನ್ನ ಯಾರೂ ಇಂಟರ್ವ್ಯೂ ಮಾಡಲ್ಲ. ಬ್ರಿಟನ್ನಿನಲ್ಲಿ 34 ಸಾವಿರಕ್ಕೂ ಹೆಚ್ಚು ಗಂಡಸು ಡಾಕ್ಟರುಗಳನ್ನ 1951ರಿಂದ 50 ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಜೊತೆಯವರ ಲೆಕ್ಕ ಇದೆ: ಬಿಡದೆ ಸೇದೋರು ಸರಾಸರಿ 10 ವರ್ಷ ಮೊದಲು ಹೋಗ್ತಾರೆ, 60ಕ್ಕೆ ಬಿಟ್ರೆ ಅದರಲ್ಲಿ 3 ವರ್ಷ ವಾಪಸ್, 50ಕ್ಕೆ 6, 40ಕ್ಕೆ 9, 30ಕ್ಕೆ ಬಿಟ್ರೆ ಹೆಚ್ಚುಕಮ್ಮಿ ಪೂರ್ತಿ ವಾಪಸ್. ಈವರೆಗೆ ಸಿಕ್ಕಿರೋ ಯಾವ "ದೀರ್ಘಾಯುಷ್ಯದ ಜೀನ್" ಒಂದೇ ಇಷ್ಟು ವರ್ಷ ಕೊಡೋದು ನಾನಂತೂ ನೋಡಿಲ್ಲ.

ಪ್ರಶ್ನೆ: ನಮ್ಮಕ್ಕ ಡಿಎನ್‌ಎ ಟೆಸ್ಟ್ ಮಾಡಿಸಿದ್ಲು, ಅದರಲ್ಲಿ ಎಪಿಒಇ-4 ಅಂತ ಬಂದಿದೆ, ಮರೆವಿನ ಕಾಯಿಲೆ ಬರುತ್ತೆ ಅಂತ ಮೂರು ದಿನದಿಂದ ಅಳ್ತಾ ಕೂತಿದಾಳೆ. ನಾನೂ ಮಾಡಿಸ್ಲಾ ಬೇಡ್ವಾ?

ಮೊದಲು ಅಕ್ಕನಿಗೆ ಹೇಳಿ, ಬಂದೇ ಬರುತ್ತೆ ಅಂತ ಅಲ್ಲ. ಈ ಜೀನ್ 19ನೇ ಕ್ರೋಮೋಸೋಮಿನಲ್ಲಿರುತ್ತೆ, 2, 3, 4 ಅಂತ ಮೂರು ರೂಪ, ಪ್ರತಿಯೊಬ್ಬರಿಗೂ ಎರಡು ಪ್ರತಿ, ತಂದೆಯಿಂದ ಒಂದು ತಾಯಿಯಿಂದ ಒಂದು. ಮಾಮೂಲಿ ಅಂದ್ರೆ 3. ಒಂದು ಪ್ರತಿ 4 ಇದ್ರೆ ಅಲ್‌ಜೈಮರ್ಸ್ ಅಪಾಯ ಸುಮಾರು ಎರಡರಿಂದ ಮೂರು ಪಟ್ಟು, ಎರಡೂ 4 ಆಗಿದ್ರೆ 8ರಿಂದ 12 ಪಟ್ಟು ಅಂತಾರೆ. ರಿಪೋರ್ಟಲ್ಲಿ ಒಂದು ಪ್ರತಿಯೋ ಎರಡೋ ನೋಡಿ, ಅದು ದೊಡ್ಡ ವ್ಯತ್ಯಾಸ. ಒಂದು ಪ್ರತಿ ಇದ್ದೂ ತೊಂಬತ್ತರವರೆಗೆ ನೆನಪು ಗಟ್ಟಿಯಾಗಿ ಇಟ್ಕೊಂಡಿರೋರು ಬೇಕಾದಷ್ಟು ಜನ, ಈ ಜೀನ್ ಇಲ್ದೇನೂ ಕಾಯಿಲೆ ಬಂದೋರೂ ಇದ್ದಾರೆ. ಇನ್ನು 2 ಅನ್ನೋ ರೂಪ ಉಲ್ಟಾ, ಅದು ಅಪಾಯ ಕಮ್ಮಿ ಮಾಡುತ್ತೆ, ನೂರು ದಾಟಿದವರಲ್ಲಿ ಹೆಚ್ಚು ಕಾಣಿಸುತ್ತೆ, 4 ಕಮ್ಮಿ ಕಾಣಿಸುತ್ತೆ. ಆಯಸ್ಸಿನ ಬಗ್ಗೆ ಎಷ್ಟು ಜೀನ್ ಹುಡುಕಿದ್ರೂ ಸ್ಟಡಿ ಮೇಲೆ ಸ್ಟಡಿಯಲ್ಲಿ ಗಟ್ಟಿಯಾಗಿ ನಿಂತದ್ದು ಇದು ಮತ್ತೆ ಫಾಕ್ಸ್‌ಒ3 ಅನ್ನೋದು, ಉಳಿದವು ಒಂದು ಕಡೆ ಕಂಡು ಇನ್ನೊಂದು ಕಡೆ ಮಾಯ ಆಗೋವೇ ಜಾಸ್ತಿ.

ನೀವು ಮಾಡಿಸ್ಬೇಕಾ ಅನ್ನೋದಕ್ಕೆ ಒಂದು ಕತೆ. ಡಿಎನ್‌ಎ ರಚನೆ ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ತಮ್ಮ ಪೂರ್ತಿ ಜೀನೋಮ್, ಅಂದ್ರೆ ಡಿಎನ್‌ಎಯ ಎಲ್ಲಾ ಅಕ್ಷರ ಓದಿಸಿ ಜಗತ್ತಿಗೆಲ್ಲಾ ಬಿಟ್ರು, ಆದ್ರೆ ಈ ಒಂದು ಜೀನ್ ಜಾಗ ಮಾತ್ರ ಖಾಲಿ ಬಿಡಿ, ನನಗೂ ಹೇಳ್ಬೇಡಿ ಅಂದ್ರು. ಆಮೇಲೆ ಬೇರೆ ವಿಜ್ಞಾನಿಗಳು ಅಕ್ಕಪಕ್ಕದ ಅಕ್ಷರ ನೋಡಿದ್ರೆ ಖಾಲಿ ಬಿಟ್ಟ ಜಾಗವನ್ನೂ ಊಹಿಸಬಹುದು ಅಂತ ತೋರಿಸಿದ್ರು, ಅದು ಬೇರೆ ಮಾತು. ವಾಟ್ಸನ್ 2025ರಲ್ಲಿ 97ನೇ ವಯಸ್ಸಿನಲ್ಲಿ ತೀರ್ಕೊಂಡ್ರು. ಅಂಥವರಿಗೇ ಬೇಡ ಅನ್ನಿಸಿದ್ದು ನಿಮಗೂ ಬೇಡ ಅನ್ಸಿದ್ರೆ ಹೆದರಿಕೆ ಅಂತ ಯಾರೂ ಅನ್ನೋಕಾಗಲ್ಲ. ಗೊತ್ತಾದ್ರೆ ಏನು ಬದಲಾಯಿಸ್ತೀರಿ ಅಂತ ಕೇಳ್ಕೊಳ್ಳಿ. ಬಿಪಿ, ಶುಗರ್, ಕಿವಿ ಕೇಳಿಸೋದು, ಓಡಾಟ ಇವನ್ನ ನೋಡ್ಕೊಳ್ಳೋದು ಟೆಸ್ಟ್ ಇಲ್ದೆಯೂ ಮಾಡಬಹುದು. ಮಾಡಿಸೋದೇ ಆದ್ರೆ ಜೆನೆಟಿಕ್ ಕೌನ್ಸೆಲರ್ ಹತ್ರ ಮೊದಲು ಕೂತು ಮಾತಾಡಿ, ಅಕ್ಕನ್ನೂ ಕರ್ಕೊಂಡು ಹೋಗಿ.

ಪ್ರಶ್ನೆ: ಟೆಲೋಮಿಯರ್ ಉದ್ದ ನೋಡಿ ನಿಜವಾದ ವಯಸ್ಸು ಹೇಳ್ತೀವಿ ಅಂತ ಆನ್‌ಲೈನಲ್ಲಿ ಕಿಟ್ ಮಾರ್ತಾರೆ. ತಗೋಬಹುದಾ?

ದುಡ್ಡು ಉಳಿಸಿ. ಟೆಲೋಮಿಯರ್ ಅಂದ್ರೆ ಕ್ರೋಮೋಸೋಮಿನ ತುದಿ, ಟಿಟಿಎಜಿಜಿಜಿ ಅನ್ನೋ ಆರಕ್ಷರ ಸಾವಿರಾರು ಸಲ ಬರೆದಿರೋ ಜಾಗ, ಕೋಶ ಒಂದ್ಸಲ ಒಡೆದಾಗ ಸ್ವಲ್ಪ ಸವೆಯುತ್ತೆ, ತುಂಬಾ ಸವೆದ್ರೆ ಕೋಶ ಒಡೆಯೋದು ನಿಲ್ಲಿಸುತ್ತೆ. ಲ್ಯಾಬಲ್ಲಿ ಮನುಷ್ಯನ ಕೋಶ ಸುಮಾರು 40ರಿಂದ 60 ಸಲ ಒಡೆದು ನಿಂತುಬಿಡುತ್ತೆ ಅಂತ 1961ರಲ್ಲೇ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದ್ರು, ಈ ತುದಿಗಳನ್ನ ಕಾಯೋ ವ್ಯವಸ್ಥೆ ಕಂಡುಹಿಡಿದದ್ದಕ್ಕೆ 2009ರ ನೊಬೆಲ್ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್, ಜಾಕ್ ಶೋಸ್ಟಾಕ್ ಮೂವರಿಗೆ ಬಂತು. ವಿಜ್ಞಾನ ಗಟ್ಟಿ, ಕಿಟ್ ಜೊಳ್ಳು. ಒಂದೇ ವಯಸ್ಸಿನವರಲ್ಲೇ ಉದ್ದ ವಿಪರೀತ ಹೆಚ್ಚುಕಮ್ಮಿ ಇರುತ್ತೆ. ಲ್ಯಾಬ್ ಇಲಿಗೆ ನಮಗಿಂತ ಎಷ್ಟೋ ಉದ್ದ ಟೆಲೋಮಿಯರ್ ಇದೆ, ಅದು ಬದುಕೋದು ಎರಡು ಮೂರು ವರ್ಷ! ಮತ್ತೆ ಉದ್ದ ಇದ್ದಷ್ಟೂ ಒಳ್ಳೇದು ಅನ್ನೋದೂ ಸರಿಯಲ್ಲ, ಪಿಒಟಿ1 ಅನ್ನೋ ಜೀನ್ ಕೆಟ್ಟು ಟೆಲೋಮಿಯರ್ ವಿಪರೀತ ಉದ್ದ ಇರೋ ಕುಟುಂಬಗಳಲ್ಲಿ ಗಡ್ಡೆ, ಕ್ಯಾನ್ಸರ್ ಜಾಸ್ತಿ. ತೀರಾ ಗಿಡ್ಡ ಇರೋ ಕೆಲವು ಅಪರೂಪದ ಶ್ವಾಸಕೋಶ, ಅಸ್ಥಿಮಜ್ಜೆ ಕಾಯಿಲೆಗಳಲ್ಲಿ ಡಾಕ್ಟರೇ ಈ ಟೆಸ್ಟ್ ಬರೆದು ಕೊಡ್ತಾರೆ, ಅದು ಬೇರೆ.

ಪ್ರಶ್ನೆ: ಮಕ್ಕಳು ಮುದುಕರ ಥರ ಆಗೋ ಕಾಯಿಲೆಯ ವಿಡಿಯೋ ನೋಡಿದೆ, ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ. ನಾನೀಗ ಗರ್ಭಿಣಿ. ನಮ್ಮ ವಂಶದಲ್ಲಿ ಇದ್ರೆ ಹೇಗೆ ಗೊತ್ತಾಗುತ್ತೆ?

ನಿದ್ದೆ ಮಾಡಿ ತಾಯಿ. ಅದು ಪ್ರೊಜೀರಿಯ, ಸುಮಾರು 40 ಲಕ್ಷ ಹೆರಿಗೆಗೆ ಒಂದು, ಮತ್ತೆ ಬಹುತೇಕ ಎಲ್ಲಾ ಮಕ್ಕಳಲ್ಲೂ ಅದು ಹೊಸದಾಗಿ ಆದ ಬದಲಾವಣೆ, ತಂದೆತಾಯಿ ಜೀನ್ ಸರಿಯಾಗೇ ಇರುತ್ತೆ, ವಂಶದಲ್ಲಿ ಹುಡುಕೋ ಅಂಥದ್ದಲ್ಲ.

ಆದ್ರೆ ಕಾಯಿಲೆ ಹೇಗಾಗುತ್ತೆ ಅನ್ನೋದನ್ನ ಕೇಳಿ, ಒಂದಕ್ಷರ ಏನು ಮಾಡಬಹುದು ಅಂತ ಗೊತ್ತಾಗುತ್ತೆ. ಎಲ್‌ಎಂಎನ್‌ಎ ಅನ್ನೋ ಜೀನಿನಲ್ಲಿ 1824ನೇ ಅಕ್ಷರ ಸಿ ಇರಬೇಕಾದಲ್ಲಿ ಟಿ ಆಗಿರುತ್ತೆ ಅಷ್ಟೆ. ಮೇಲ್ನೋಟಕ್ಕೆ ಏನೂ ತೊಂದರೆ ಇಲ್ಲ, ಆ ಅಕ್ಷರ ಬದಲಾದ್ರೂ ಅಲ್ಲಿ ಬರೋ ಅಮೈನೋ ಆಮ್ಲ (ಪ್ರೋಟೀನ್ ಕಟ್ಟೋ ಇಟ್ಟಿಗೆ) ಅದೇ. ಆದ್ರೆ ಕೋಶ ಆ ಜಾಗವನ್ನ ಕತ್ತರಿಸೋ ಗುರುತು ಅಂತ ತಪ್ಪು ತಿಳ್ಕೊಂಡು ಪ್ರೋಟೀನಿನಲ್ಲಿ 50 ಅಮೈನೋ ಆಮ್ಲದ ತುಂಡನ್ನೇ ಹಾರಿಸಿಬಿಡುತ್ತೆ. ಉಳಿದ ಕುಂಟು ಪ್ರೋಟೀನಿಗೆ ಪ್ರೊಜೆರಿನ್ ಅಂತಾರೆ, ಅದು ಕೋಶದ ನ್ಯೂಕ್ಲಿಯಸ್ ಗೋಡೆಗೆ ಅಂಟ್ಕೊಂಡು ಗೋಡೆ ಸೊಟ್ಟ ಮಾಡುತ್ತೆ. ಇದು ಗೊತ್ತಾಗಿದ್ದು 2003ರಲ್ಲಿ. ಚಿಕಿತ್ಸೆ ಇಲ್ಲದ ಮಕ್ಕಳ ಸರಾಸರಿ ಆಯಸ್ಸು ಹದಿನಾಲ್ಕೂವರೆ ವರ್ಷ, ಸಾವು ಬರೋದು ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್‌ನಿಂದ. 2020ರಲ್ಲಿ ಲೋನಾಫಾರ್ನಿಬ್ ಅನ್ನೋ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಗುಣ ಮಾಡಲ್ಲ, ಒಂದಷ್ಟು ವರ್ಷ ಸೇರಿಸುತ್ತೆ. ಇಟಲಿಯ ಸ್ಯಾಮಿ ಬಾಸ್ಸೊ ಇದೇ ಕಾಯಿಲೆ ಇಟ್ಕೊಂಡೇ ಮಾಲಿಕ್ಯುಲರ್ ಬಯಾಲಜಿ ಓದಿ, ತನ್ನ ಕಾಯಿಲೆ ಮೇಲೇ ಸಂಶೋಧನೆ ಮಾಡಿ 2024ರಲ್ಲಿ 28ನೇ ವಯಸ್ಸಿಗೆ ತೀರ್ಕೊಂಡ್ರು. ಈ ಮಕ್ಕಳ ಬುದ್ಧಿ ಚುರುಕಾಗೇ ಇರುತ್ತೆ, ಮರೆವಿನ ಕಾಯಿಲೆ ಬರಲ್ಲ. ಹಾಗಾಗಿ ಇದನ್ನ ಮುಪ್ಪು ಫಾಸ್ಟ್ ಫಾರ್ವರ್ಡ್ ಆಗೋದು ಅಂತ ವಿಡಿಯೋದವರು ಹೇಳೋದು ಪೂರ್ತಿ ಸರಿಯಲ್ಲ, ಮುಪ್ಪಿನ ಕೆಲವು ಭಾಗ ಮಾತ್ರ.

ಪ್ರಶ್ನೆ: ಹುಳುವಿನ ಒಂದು ಜೀನ್ ಬದಲಾಯಿಸಿ ಆಯಸ್ಸು ಡಬಲ್ ಮಾಡಿದಾರಂತೆ. ಮನುಷ್ಯರಿಗೆ ಯಾವಾಗ?

1993ರಲ್ಲಿ ಸಿಂಥಿಯಾ ಕೆನ್ಯನ್ ಮಾಡಿದ್ದು, ಒಂದು ಮಿಲಿಮೀಟರ್ ಉದ್ದದ ಹುಳು, ಡ್ಯಾಫ್-2 ಅನ್ನೋ ಜೀನ್ ಮಂದ ಮಾಡಿದ್ರೆ ಎರಡು ಪಟ್ಟಿಗಿಂತ ಜಾಸ್ತಿ ಬದುಕ್ತು. ಆ ಜೀನ್ ನಮ್ಮ ಇನ್ಸುಲಿನ್ ಮತ್ತು ಐಜಿಎಫ್-1 (ಬೆಳವಣಿಗೆಗೆ ಬೇಕಾದ ಒಂದು ಹಾರ್ಮೋನು) ರಿಸೆಪ್ಟರಿನ ನೆಂಟ. ಅದು ಕೆಲಸ ಮಾಡೋದು ಡ್ಯಾಫ್-16 ಅನ್ನೋ ಇನ್ನೊಂದು ಜೀನ್ ಮೂಲಕ, ಅದರ ಮನುಷ್ಯ ರೂಪವೇ ಆಗ ಹೇಳಿದ ಫಾಕ್ಸ್‌ಒ3, ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ 2008ರಲ್ಲಿ ದೀರ್ಘಾಯುಷ್ಯದ ಜೊತೆ ಕಂಡದ್ದು. ಆದ್ರೆ ಮನುಷ್ಯರಲ್ಲಿ ಪರಿಣಾಮ ಸಣ್ಣದು, ಡಬಲ್ ಗಿಬಲ್ ಏನಿಲ್ಲ.

ಮನುಷ್ಯರಲ್ಲಿ ಪ್ರಕೃತಿಯೇ ಮಾಡಿದ ಒಂದು ಪ್ರಯೋಗ ಈಕ್ವೆಡಾರಿನಲ್ಲಿದೆ. ಅಲ್ಲಿ ಲ್ಯಾರೋನ್ ಸಿಂಡ್ರೋಮ್ ಇರೋ ಕುಟುಂಬಗಳಲ್ಲಿ ಬೆಳವಣಿಗೆ ಹಾರ್ಮೋನಿನ ರಿಸೆಪ್ಟರ್ ಕೆಲಸ ಮಾಡಲ್ಲ, ಐಜಿಎಫ್-1 ತೀರಾ ಕಮ್ಮಿ, ಎತ್ತರವೂ ತುಂಬಾ ಕಮ್ಮಿ. 2011ರಲ್ಲಿ ಬಂದ ವರದಿ ಪ್ರಕಾರ ಇವರಿಗೆ ಸಕ್ಕರೆ ಕಾಯಿಲೆ ಕಾಣ್ಲಿಲ್ಲ, ಕ್ಯಾನ್ಸರ್ ಒಬ್ಬರಿಗೆ ಮಾತ್ರ. ಹಾಗಾದ್ರೆ ನೂರು ವರ್ಷ ಬದುಕ್ತಾರಾ? ಇಲ್ಲ. ಅಪಘಾತ, ಕುಡಿತ, ಫಿಟ್ಸ್ ಇಂಥವುಗಳಲ್ಲೇ ಬಹಳ ಜನ ಹೋಗ್ತಾರೆ.

ಪ್ರಶ್ನೆ: ಹೆಂಗಸರೇ ಯಾಕೆ ಹೆಚ್ಚು ವರ್ಷ ಬದುಕೋದು? 

ಒಂದೇ ಕಾರಣ ಅಲ್ಲ, ಗಂಡಸರ ಸಿಗರೇಟು, ಕುಡಿತ, ದುಡುಕು ದೊಡ್ಡ ಪಾಲು. ಆದ್ರೆ ಹೆಂಗಸರಿಗೆ ಎಕ್ಸ್ ಕ್ರೋಮೋಸೋಮ್ ಎರಡಿದೆ, ಒಂದರಲ್ಲಿ ಜೀನ್ ಕೆಟ್ಟಿದ್ರೆ ಇನ್ನೊಂದು ಇದೆ, ಗಂಡಸಿಗೆ ಆ ಸ್ಪೇರ್ ಇಲ್ಲ. ಹಕ್ಕಿಗಳಲ್ಲಿ ಉಲ್ಟಾ, ಅಲ್ಲಿ ಒಂದೇ ಥರದ ಜೋಡಿ ಇರೋದು ಗಂಡಿಗೆ, ಬಹಳಷ್ಟು ಹಕ್ಕಿಗಳಲ್ಲಿ ಗಂಡೇ ಹೆಚ್ಚು ಬದುಕೋದು.

ಪ್ರಶ್ನೆ: ನನಗೆ 28ಕ್ಕೇ ಕೂದಲು ಬೆಳ್ಳಗಾಗಿದೆ, ಅಪ್ಪನಿಗೂ ಹಾಗೇ ಆಗಿತ್ತು. ಆಯಸ್ಸು ಕಮ್ಮಿ ಅಂತ ಲೆಕ್ಕನಾ?

ಇಲ್ಲಪ್ಪ. ಕೂದಲು ಬೆಳ್ಳಗಾಗೋದಕ್ಕೆ ಐಆರ್‌ಎಫ್4 ಅನ್ನೋ ಜೀನಿನ ಸಂಬಂಧ 2016ರಲ್ಲಿ ಸಿಕ್ತು, ಅದು ಬಣ್ಣ ತಯಾರಿಸೋ ವ್ಯವಸ್ಥೆಯ ಜೀನ್, ಆಯಸ್ಸಿಂದಲ್ಲ. ಅಪ್ಪನಿಗೂ ಹಾಗೇ ಆಗಿದ್ರೆ ಬಹುತೇಕ ಮನೆತನದ್ದೇ. ಆದ್ರೂ ಒಂದ್ಸಲ ಬಿ12 ಮತ್ತೆ ಥೈರಾಯ್ಡ್ ನೋಡಿಸಿ, ಅವು ಕಮ್ಮಿ ಇದ್ರೂ ಬೇಗ ಬೆಳ್ಳಗಾಗುತ್ತೆ, ಸಿಗರೇಟ್ ಸೇದೋರಲ್ಲೂ ಇದು ಜಾಸ್ತಿ. ಡೈ ಹಾಕೋದು ಬಿಡೋದು ನಿಮ್ಮಿಷ್ಟ, ಹಾಕೋದಾದ್ರೆ ಮೊದಲು ಕೈ ಮೇಲೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ, ಅಲರ್ಜಿ ಆಗಿ ಮುಖ ಊದಿಸ್ಕೊಂಡೋರು ಎಷ್ಟೋ ಜನ ಇದ್ದಾರೆ.